ಕೆಸರುಗದ್ದೆಯ ಅನಿಲವೂ ಹುಲ್ಲಿನ ಹೊಗೆಯೂ
(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರಾಂತದ ಗ್ರಾಮಮುಖ್ಯಸ್ಥರಿಗೂ ಜಮೀನುದಾರರಿಗೂ ಉಪಯುಕ್ತವಾದ ಪಾಠ)

ಪೀಠಿಕೆ

ಕೊಪ್ಪಳ ಜಿಲ್ಲೆಯು ೧೯೯೭ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಏರ್ಪಟ್ಟಿತು. ಈ ಸೀಮೆಯ ಬೇಸಾಯವು ಎರಡು ಬಗೆಯದು. ಗಂಗಾವತಿಯ ಕಡೆಯೂ ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ಕಡೆಯೂ ತುಂಗಭದ್ರೆಯ ನೀರುಂಡ ಭತ್ತದ ಬಯಲು ಹಬ್ಬಿದೆ. ಕುಷ್ಟಗಿ ಯಲಬುರ್ಗಾಗಳ ಕಡೆ ಮಳೆಯನ್ನೇ ನೆಚ್ಚಿದ ಎರೆಭೂಮಿಯೂ ಮಸಾರಿ ಭೂಮಿಯೂ ಇದ್ದು, ಜೋಳ, ಸಜ್ಜೆ, ತೊಗರಿ, ಹೆಸರು, ಹುರುಳಿ, ಶೇಂಗಾ ಮುಂತಾದವು ಬೆಳೆಯುತ್ತವೆ. ಒಂದು ಕಡೆಯಲ್ಲಿ ನೀರು ಹೆಚ್ಚಾಗಿ ನೆಲ ಕೆಡುತ್ತದೆ. ಇನ್ನೊಂದು ಕಡೆಯಲ್ಲಿ ನೀರಿಲ್ಲದೆ ಬೆಳೆ ಕೆಡುತ್ತದೆ. ಒಂದು ಕಡೆಯಲ್ಲಿ ಹುಲ್ಲಿಗೆ ಬೆಂಕಿ ಬೀಳುತ್ತದೆ. ಇನ್ನೊಂದು ಕಡೆಯಲ್ಲಿ ಹುಲ್ಲಿಲ್ಲದೆ ರಾಸುಗಳು ಸಂತೆಗೆ ಹೋಗುತ್ತವೆ.

ಈ ಲೇಖನದ ವಿಷಯವು ಗಾಳಿಗೆ ಸಂಬಂಧಿಸಿದ್ದು. ಗಾಳಿಯ ಮಾತು ಪಟ್ಟಣದವರದೆಂದೂ ಕಾರ್ಖಾನೆಯವರದೆಂದೂ ಹಲವರು ಎಣಿಸುವುದುಂಟು. ಕಾರ್ಖಾನೆಗಳ ಹೊಗೆಯನ್ನು ವಿಚಾರಿಸುವುದಕ್ಕೆ ಬೇರೆ ಅಧಿಕಾರಿಗಳಿದ್ದಾರೆ. ಆದರೆ ಗದ್ದೆ, ತಿಪ್ಪೆ, ಕೊಟ್ಟಿಗೆ, ಒಲೆ, ಹುಲ್ಲಿನ ಬೆಂಕಿ ಇವುಗಳಿಂದ ಏಳುವುದನ್ನು ಒಕ್ಕಲಿಗನೇ ವಿಚಾರಿಸಬೇಕು. ಇದರಲ್ಲಿ ಮಾಡತಕ್ಕ ಕೆಲಸಗಳೆಲ್ಲವೂ ನೀರು, ಗೊಬ್ಬರ, ಮೇವು ಇವುಗಳ ಉಳಿತಾಯವೇ ಆಗಿರುವುದರಿಂದ, ಗಾಳಿಯ ಲಾಭವನ್ನು ಲೆಕ್ಕಕ್ಕೆ ಹಿಡಿಯದವನಿಗೂ ಇವು ನಷ್ಟವನ್ನುಂಟುಮಾಡುವುದಿಲ್ಲ.

ಅಲ್ಪಾಯುಷ್ಯದ ಮಾಲಿನ್ಯಗಳು

ಭೂಮಿಯ ಉಷ್ಣವನ್ನು ಹೆಚ್ಚಿಸುವ ಅನಿಲಗಳಲ್ಲಿ ಇಂಗಾಲಾಮ್ಲವಾಯು ಮುಖ್ಯವಾದದ್ದು. ಕಲ್ಲಿದ್ದಲು, ಎಣ್ಣೆ ಮೊದಲಾದವುಗಳನ್ನು ಉರಿಸಿದಾಗ ಹುಟ್ಟುವ ಇದರಲ್ಲಿ ಒಂದು ಪಾಲು ನೂರಾರು ವರ್ಷಗಳ ಕಾಲ ವಾಯುಮಂಡಲದಲ್ಲಿ ನಿಲ್ಲುತ್ತದೆ. ಇದಲ್ಲದೆ ಬೇಗ ಅಳಿಯುವ ಕೆಲವು ಪದಾರ್ಥಗಳೂ ಇವೆ. ಮೀಥೇನ್ ಎಂಬ ಅನಿಲವು ಸುಮಾರು ೧೨ ವರ್ಷ ಉಳಿಯುತ್ತದೆ. ಹೊಗೆಯೊಳಗಿನ ಕಪ್ಪು ಮಸಿಯು ಕೆಲವು ದಿನಗಳಿಂದ ಒಂದೆರಡು ವಾರಗಳವರೆಗೆ ಮಾತ್ರ ಗಾಳಿಯಲ್ಲಿ ತೇಲುತ್ತದೆ. ನೆಲದ ಸಮೀಪದಲ್ಲಿ ಹುಟ್ಟುವ ಓಜೋನ್ ಎಂಬುದು ಕೆಲವು ವಾರಗಳಲ್ಲಿ ನಾಶವಾಗುತ್ತದೆ. ಇವುಗಳಿಗೆ ಅಲ್ಪಾಯುಷ್ಯದ ಮಾಲಿನ್ಯಗಳೆಂದು ಹೆಸರು.

ಆಯುಷ್ಯ ಅಲ್ಪವಾದರೂ ಇವುಗಳ ಶಕ್ತಿ ಅಲ್ಪವಲ್ಲ. ತೂಕಕ್ಕೆ ತೂಕ ಹೋಲಿಸಿದಲ್ಲಿ ಮೀಥೇನಿನ ಉಷ್ಣಶಕ್ತಿಯು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲಾಮ್ಲವಾಯುವಿನ ಸುಮಾರು ೨೮ ಪಟ್ಟು. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಸುಮಾರು ೮೦ ಪಟ್ಟು. ಕೈಗಾರಿಕೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಮೀಥೇನ್ ಸುಮಾರು ೦.೭ ಪಾಲಿದ್ದುದು ಈಗ ೧.೯ ಪಾಲಿಗೆ ಏರಿದೆ. ಅಲ್ಲದೆ ಮೀಥೇನು ಬಿಸಿಲಿನಲ್ಲಿ ಇತರ ಹೊಗೆಯ ಅನಿಲಗಳೊಡನೆ ಸೇರಿ ಓಜೋನ್ ಹುಟ್ಟಲು ಕಾರಣವಾಗುತ್ತದೆ. ಮೇಲಿನ ಆಕಾಶದ ಓಜೋನ್ ಸೂರ್ಯನ ತೀಕ್ಷ್ಣಕಿರಣಗಳನ್ನು ತಡೆದು ಜೀವಿಗಳನ್ನು ಕಾಯುವುದು ನಿಜವಾದರೂ, ನೆಲದ ಮಟ್ಟದ ಓಜೋನ್ ಮನುಷ್ಯರ ಶ್ವಾಸಕೋಶಗಳಿಗೆ ಕೇಡು. ಎಲೆಗಳೊಳಗೆ ಹೊಕ್ಕು ಬೆಳೆಯ ಇಳುವರಿಯನ್ನೂ ತಗ್ಗಿಸುತ್ತದೆ.

ಅಲ್ಪಾಯುಷ್ಯವೆಂಬುದರಲ್ಲಿ ಒಂದು ಅನುಕೂಲವೂ ಅಡಗಿದೆ. ಇಂಗಾಲಾಮ್ಲವಾಯುವನ್ನು ಈಗ ಕಡಿಮೆಮಾಡಿದರೆ ಅದರ ಪೂರ್ಣಫಲ ಮೊಮ್ಮಕ್ಕಳ ಕಾಲಕ್ಕೆ ಕಾಣುವುದು. ಮೀಥೇನನ್ನೂ ಮಸಿಯನ್ನೂ ಕಡಿಮೆಮಾಡಿದರೆ ಮಾಡಿದವನ ಕಣ್ಣೆದುರಿಗೇ ಗಾಳಿಯು ತಿಳಿಯಾಗುವುದು.

ಗದ್ದೆಯಲ್ಲಿ ಅನಿಲ ಹುಟ್ಟುವ ಬಗೆ

ನೀರು ನಿಂತ ಗದ್ದೆಯೊಳಗೆ ಕಾಲಿಟ್ಟಾಗ ಕೆಸರಿನಿಂದ ಗುಳ್ಳೆಗಳೇಳುವುದನ್ನು ನೋಡದ ಒಕ್ಕಲಿಗನಿಲ್ಲ. ಆ ಗುಳ್ಳೆಗಳಲ್ಲಿ ಮೀಥೇನ್ ಇರುತ್ತದೆ. ಇಟಲಿಯ ವೋಲ್ಟಾ ಎಂಬ ಪಂಡಿತನು ೧೭೭೬ರಲ್ಲಿ ಸರೋವರದ ಕೆಸರಿನಿಂದ ಈ ಅನಿಲವನ್ನು ಹಿಡಿದು ಉರಿಸಿ ತೋರಿಸಿದನು. ಭತ್ತದ ಗದ್ದೆಗಳ ಅನಿಲಗಳನ್ನು ಕುರಿತು ನಮ್ಮ ದೇಶದಲ್ಲಿಯೇ ಬಹು ಹಿಂದೆ ಶೋಧನೆ ನಡೆದಿದೆ. ಮದರಾಸು ಪ್ರಾಂತದ ಕೃಷಿ ಇಲಾಖೆಯ ಹ್ಯಾರಿಸನ್ ಮತ್ತು ಸುಬ್ರಹ್ಮಣ್ಯ ಅಯ್ಯರ್ ಎಂಬ ರಸಾಯನಶಾಸ್ತ್ರಜ್ಞರು ೧೯೧೩ರಲ್ಲಿಯೇ ಇದನ್ನು ವಿವರಿಸಿ ಪ್ರಕಟಿಸಿದರು. ಆ ಕಾಲದಲ್ಲಿ ಅವರ ಉದ್ದೇಶವು ಭತ್ತದ ಬೇರಿಗೆ ಗಾಳಿ ದೊರೆಯುವ ರೀತಿಯನ್ನು ತಿಳಿಯುವುದಾಗಿತ್ತು.

ಇದರ ಕ್ರಮವು ಹೀಗಿದೆ. ಮಣ್ಣಿನ ಕಣಗಳ ನಡುವೆ ಸಾಧಾರಣವಾಗಿ ಗಾಳಿಯಿರುತ್ತದೆ. ನೀರು ಕಟ್ಟಿ ನಿಲ್ಲಿಸಿದರೆ ಆ ಗಾಳಿಯು ಹೊರಟುಹೋಗಿ ಕೆಲವು ದಿನಗಳಲ್ಲಿ ಮಣ್ಣಿನೊಳಗೆ ಆಮ್ಲಜನಕವೇ ಇಲ್ಲದಂತಾಗುತ್ತದೆ. ಆಗ ಗಾಳಿಯ ಹಂಗಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಬಲಗೊಂಡು, ಮಣ್ಣಿನಲ್ಲಿರುವ ಕೂಳೆ, ಬೇರು, ಹಸಿಹುಲ್ಲು, ಕೊಳೆಯದ ಗೊಬ್ಬರ ಇವುಗಳನ್ನು ಕೊಳೆಯಿಸಿ ಮೀಥೇನನ್ನು ಹೊರಡಿಸುತ್ತವೆ. ಭತ್ತದ ಗಿಡದ ಕಾಂಡದಲ್ಲಿ ಬೇರಿಗೆ ಗಾಳಿಯನ್ನೊಯ್ಯುವ ಸಣ್ಣ ನಾಳಗಳಿವೆ. ಅನಿಲದ ಹೆಚ್ಚು ಪಾಲು ಆ ನಾಳಗಳ ಮೂಲಕವೇ ಮೇಲಕ್ಕೆ ಬರುತ್ತದೆ. ಆದುದರಿಂದ ಗುಳ್ಳೆ ಕಾಣದಿದ್ದ ಮಾತ್ರಕ್ಕೆ ಅನಿಲವಿಲ್ಲವೆಂದು ತಿಳಿಯಕೂಡದು. ಅನಿಲವು ಹುಟ್ಟಲು ಎರಡು ಸಾಮಗ್ರಿಗಳು ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ: ಒಂದು, ಬಿಡುವಿಲ್ಲದೆ ನಿಂತ ನೀರು, ಇನ್ನೊಂದು, ಕೊಳೆಯತಕ್ಕ ಹಸಿ ಪದಾರ್ಥ.

ದಕ್ಷಿಣ ಏಷ್ಯಾದ ಗದ್ದೆಗಳಿಗೆ ಲೆಕ್ಕ ಹಾಕುವಾಗ ನಾನಾ ದೇಶಗಳ ತಜ್ಞರು ಸೇರಿ ೨೦೧೯ರಲ್ಲಿ ಒಪ್ಪಿದ ಪ್ರಮಾಣವೇನೆಂದರೆ, ಯಾವಾಗಲೂ ನೀರು ನಿಂತಿರುವ ಒಂದು ಹೆಕ್ಟೇರಿನಿಂದ ದಿನಕ್ಕೆ ೦.೮೫ ಕಿಲೋ ಮೀಥೇನ್ ಏಳುತ್ತದೆ. ಬೆಳೆಯ ಕಾಲ ೧೧೨ ದಿನವೆಂದು ಹಿಡಿದರೆ ಎಕರೆಗೆ ಸುಮಾರು ೩೮ ಕಿಲೋ ಆಗುವುದು. ನಡುವೆ ಒಂದು ಸಲ ಗದ್ದೆಯನ್ನು ಆರಗೊಟ್ಟರೆ ಇದರಲ್ಲಿ ಶೇಕಡಾ ೨೯ರಷ್ಟೂ, ಹಲವು ಸಲ ಆರಗೊಟ್ಟರೆ ಶೇಕಡಾ ೪೫ರಷ್ಟೂ ಕಡಿಮೆಯಾಗುವುದೆಂದು ಅದೇ ಲೆಕ್ಕದಲ್ಲಿ ಹೇಳಿದೆ. ಎಂದರೆ ಎಕರೆಗೆ ಸುಮಾರು ೧೭ ಕಿಲೋ ಉಳಿಯಿತು. ಸಾವಿರ ಎಕರೆ ಭತ್ತವುಳ್ಳ ಒಂದು ಗ್ರಾಮವು ಈ ಕ್ರಮವನ್ನನುಸರಿಸಿದರೆ ಒಂದು ಬೆಳೆಯಲ್ಲಿ ೧೭ ಟನ್ ಮೀಥೇನನ್ನು ತಡೆದಂತಾಗುವುದು.

ನೆನೆಸಿ ಆರಿಸುವ ಪದ್ಧತಿ

ಭತ್ತವು ನೀರನ್ನು ಸಹಿಸುವ ಬೆಳೆಯೇ ಹೊರತು ಸದಾ ನೀರಿನಲ್ಲಿ ಮುಳುಗಿರಲೇಬೇಕಾದ ಬೆಳೆಯಲ್ಲ. ನೀರು ನಿಲ್ಲಿಸುವುದರ ಮುಖ್ಯಪ್ರಯೋಜನವು ಕಳೆಯನ್ನು ಅಡಗಿಸುವುದು. ಫಿಲಿಪ್ಪೈನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಕ್ಕೆ ತಂದ ಕ್ರಮವನ್ನು ಮುಂದೆ ವಿವರಿಸಿದೆ.

(೧) ಸುಮಾರು ಒಂದು ಅಡಿ ಉದ್ದದ, ನಾಲ್ಕರಿಂದ ಆರು ಅಂಗುಲ ಅಗಲದ ಬಾಯಿಯುಳ್ಳ ಪ್ಲಾಸ್ಟಿಕ್ ಕೊಳವೆ ಅಥವಾ ಬಿದಿರಿನ ಕೊಳವೆಯ ಕೆಳಗಿನ ಅರ್ಧಕ್ಕೆ ಸುತ್ತಲೂ ಸಣ್ಣ ತೂತುಗಳನ್ನು ಕೊರೆಯತಕ್ಕದ್ದು.

(೨) ನಾಟಿಯಾದ ಮೇಲೆ ಬದುವಿನ ಸಮೀಪದಲ್ಲಿ, ಆದರೆ ಗದ್ದೆಯ ಸರಾಸರಿ ಮಟ್ಟವಿರುವ ಕಡೆಯಲ್ಲಿ, ತೂತಿನ ಭಾಗವು ಆರು ಅಂಗುಲ ಮಣ್ಣಿನೊಳಗೆ ಇಳಿಯುವಂತೆ ಊರಿ, ಒಳಗಿನ ಮಣ್ಣನ್ನು ತೆಗೆದುಹಾಕತಕ್ಕದ್ದು. ಕೊಳವೆಯೊಳಗಿನ ನೀರಿನ ಮಟ್ಟವೂ ಹೊರಗಿನ ಮಟ್ಟವೂ ಒಂದೇ ಆಗಿರುವುದು.

(೩) ನಾಟಿಯಾದ ಮೊದಲ ಎರಡು ವಾರ ಸಸಿ ಬೇರುಬಿಟ್ಟು ಕಳೆ ಅಡಗುವವರೆಗೆ ತೆಳುವಾಗಿ ನೀರು ನಿಲ್ಲಿಸಬೇಕು. ಕಳೆ ಹೆಚ್ಚಾಗಿದ್ದರೆ ಇನ್ನೊಂದು ವಾರ ತಡೆಯಬಹುದು.

(೪) ಅನಂತರ ಎರಡು ಅಂಗುಲದಷ್ಟು ನೀರು ಕೊಟ್ಟು ತೂಬನ್ನು ಮುಚ್ಚಬೇಕು. ನೀರು ಇಂಗಿ ನೆಲ ಕಾಣಿಸಿದರೂ ಹೆದರಬೇಕಾದುದಿಲ್ಲ. ಕೊಳವೆಯೊಳಗೆ ನೋಡಿ, ನೀರು ನೆಲಮಟ್ಟಕ್ಕಿಂತ ಆರು ಅಂಗುಲ ಕೆಳಗಿಳಿದಾಗ ಮತ್ತೆ ಎರಡು ಅಂಗುಲ ನೀರು ಕೊಡಬೇಕು. ಆ ಆಳದವರೆಗೆ ಬೇರಿಗೆ ತೇವ ಸಿಗುತ್ತಿರುವುದರಿಂದ ಬೆಳೆಗೆ ಬಾಧೆಯಿಲ್ಲ.

(೫) ತೆನೆ ಹೊರಟು ಹೂವಾಡುವ ಕಾಲಕ್ಕೆ ಒಂದು ವಾರ ಮುಂಚಿನಿಂದ ಒಂದು ವಾರ ಆಮೇಲಿನವರೆಗೆ ನೀರನ್ನು ತಪ್ಪಿಸಲೇಕೂಡದು. ಈ ಕಾಲದಲ್ಲಿ ನೀರಿನ ಕೊರತೆಯಾದರೆ ಜೊಳ್ಳು ಹೆಚ್ಚುವುದು.

(೬) ಕೊಯ್ಲಿಗೆ ಸುಮಾರು ಎರಡು ವಾರ ಮುಂಚೆ ನೀರನ್ನು ನಿಲ್ಲಿಸಿ ಗದ್ದೆಯನ್ನು ಬಸಿಯಗೊಡಬೇಕು. ಇದರಿಂದ ಕೊಯ್ಲುಯಂತ್ರವು ಕೆಸರಿನಲ್ಲಿ ಹೂಳದೆ ನೆಲವು ಗಟ್ಟಿಯಾಗಿರುವುದು.

ಈ ಕ್ರಮವನ್ನು ಸರಿಯಾಗಿ ಪಾಲಿಸಿದಲ್ಲಿ ಇಳುವರಿಗೆ ಕುಂದಿಲ್ಲದೆ ನೀರಿನಲ್ಲಿ ಶೇಕಡಾ ೧೫ರಿಂದ ೩೦ರವರೆಗೆ ಉಳಿತಾಯವಾಗುವುದುಂಟು. ಗದ್ದೆಯು ಸಮಮಟ್ಟವಾಗಿರುವುದು ಇದಕ್ಕೆ ಬಹು ಮುಖ್ಯ. ಏರುತಗ್ಗಿನ ಗದ್ದೆಯಲ್ಲಿ ಒಂದು ಮೂಲೆ ಬಿರಿಯುತ್ತಿರುವಾಗ ಇನ್ನೊಂದು ಮೂಲೆಯಲ್ಲಿ ಮೊಳಕಾಲು ಕೆಸರಿರುವುದರಿಂದ ಕೊಳವೆಯ ಸಾಕ್ಷ್ಯವು ನಿಷ್ಪ್ರಯೋಜಕವಾಗುವುದು.

ಎಚ್ಚರಿಕೆಗಳು

ಯಾವ ಪದ್ಧತಿಯೂ ಎಲ್ಲ ನೆಲಕ್ಕೂ ಒಪ್ಪುವುದಿಲ್ಲ. ಮುಂದಿನ ಅಂಶಗಳನ್ನು ಗಮನಿಸದೆ ಕೊಳವೆಯನ್ನು ಊರಿದವನು ನಷ್ಟಪಟ್ಟು ಪದ್ಧತಿಯನ್ನೇ ದೂರುವನು.

ಮೊದಲನೆಯದು ಸವುಳಿನ ವಿಷಯ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವುಳು ಜವುಳಾದ ಭೂಮಿ ವಿಶೇಷವಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದಕ್ಕಾಗಿಯೇ ಶೋಧನೆ ನಡೆಯುತ್ತದೆ. ಸವುಳು ನೆಲವನ್ನು ಆರಗೊಟ್ಟರೆ ಉಪ್ಪು ಮೇಲಕ್ಕೇರಿ ಬಿಳಿಯ ಪದರವಾಗಿ ನಿಂತು ಸಸಿಯನ್ನು ಸುಡುತ್ತದೆ. ಆದುದರಿಂದ ಬಿಳಿಯುಪ್ಪು ಕಾಣುವ ಗದ್ದೆಗಳಲ್ಲಿ ಮಣ್ಣು ಪರೀಕ್ಷೆಯಾಗದೆ, ಬಸಿಗಾಲುವೆಯ ಏರ್ಪಾಡಿಲ್ಲದೆ ಈ ಕ್ರಮವನ್ನು ಹಿಡಿಯಬಾರದು. ಆದರೆ ನೆಲವು ಸವುಳಾಗುವುದಕ್ಕೆ ಒಂದು ಮುಖ್ಯಕಾರಣವು ಮಿತಿಮೀರಿದ ನೀರೇ ಎಂಬುದನ್ನು ಮರೆಯಲಾಗದು. ಒಳ್ಳೆಯ ಗದ್ದೆಯಲ್ಲಿ ಇಂದು ಮಿತವಾಗಿ ನೀರು ಕೊಡುವವನು ನಾಳೆ ಅದು ಸವುಳಾಗದಂತೆ ಕಾಯುತ್ತಾನೆ.

ಎರಡನೆಯದು ಯೂರಿಯಾದ ವಿಷಯ. ನೆಲವು ನೆನೆದು ಆರುವಾಗ ಸಾರಜನಕ ಗೊಬ್ಬರದ ಒಂದು ಪಾಲು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಹೋಗುವುದು. ಇದು ನೂರು ವರ್ಷಕ್ಕೂ ಮೀರಿ ಬಾಳುವ, ಇಂಗಾಲಾಮ್ಲವಾಯುವಿನ ೨೭೦ ಪಟ್ಟಿಗೂ ಮಿಕ್ಕ ಬಲವುಳ್ಳ ಅನಿಲ. ಮೀಥೇನನ್ನು ತಡೆಯಲು ಹೋಗಿ ಇದನ್ನು ಬೆಳೆಸಿದರೆ ಒಂದು ಕಡೆ ಕಟ್ಟಿ ಇನ್ನೊಂದು ಕಡೆ ಬಿಚ್ಚಿದಂತಾಗುವುದು. ಆದುದರಿಂದ ಯೂರಿಯಾವನ್ನು ಒಂದೇ ಸಲ ಸುರಿಯದೆ ಶಿಫಾರಸಿನಷ್ಟನ್ನೇ ಕಂತುಗಳಾಗಿ ಹಂಚಿ, ಆರಿದ ನೆಲಕ್ಕೆ ಚೆಲ್ಲಿ ಕೂಡಲೇ ನೀರು ಕೊಡತಕ್ಕದ್ದು. ಗೊಬ್ಬರವು ನೀರಿನೊಡನೆ ಬೇರಿನ ಕಡೆಗೆ ಇಳಿಯುವುದು.

ಮೂರನೆಯದು ಕಾಲುವೆಯ ಸರದಿಯ ವಿಷಯ. ಇದೇ ಎಲ್ಲಕ್ಕಿಂತ ಕಷ್ಟವಾದದ್ದು; ಇದನ್ನು ಬೇರೆಯಾಗಿಯೇ ಹೇಳಬೇಕು.

ಮೇಲಿನವರೂ ಕೆಳಗಿನವರೂ

ತುಂಗಭದ್ರಾ ಅಣೆಕಟ್ಟಿನ ಅಸ್ತಿಭಾರವು ೧೯೪೫ರಲ್ಲಿ ಬಿತ್ತು. ೧೯೫೩ರಿಂದ ನೀರು ಹರಿಯಿತು. ಎಡದಂಡೆ ಕಾಲುವೆಯು ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿಗಳ ಮೇಲೆ ಹಾದು ಸಿಂಧನೂರು, ಮಾನ್ವಿ, ರಾಯಚೂರು ಸೀಮೆಯವರೆಗೆ ಹೋಗುತ್ತದೆ. ಬರಗಾಲದಿಂದ ಬಹು ಹಳ್ಳಿಗಳನ್ನು ಕಾಯುವುದು ಆ ಯೋಜನೆಯ ಉದ್ದೇಶವಾಗಿತ್ತು. ಅದರಂತೆ ಹೆಚ್ಚು ಭೂಮಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು, ಜೋಳ ಹತ್ತಿ ಮುಂತಾದ ಮಿತನೀರಿನ ಬೆಳೆಗಳನ್ನು ಹೆಚ್ಚಾಗಿಯೂ ಭತ್ತವನ್ನು ನಿಯಮಿತ ಕ್ಷೇತ್ರದಲ್ಲಿ ಮಾತ್ರವೂ ಬೆಳೆಯಬೇಕೆಂದು ಏರ್ಪಡಿಸಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತವು ಆ ಮಿತಿಯನ್ನು ಮೀರಿ ಹಬ್ಬಿತು. ಭತ್ತದಿಂದ ಗಂಗಾವತಿಗೆ ಸಂಪತ್ತು ಬಂದಿತು, ಅಕ್ಕಿಯ ಗಿರಣಿಗಳೆದ್ದವು, ಸೋನಾ ಮಸೂರಿಗೆ ಹೆಸರು ಬಂದಿತು. ಆದರೆ ಕೆಳಭಾಗದ ತೂಬುಗಳಲ್ಲಿ ನೀರು ಹೋಗದ ದಿನಗಳೂ ಹೆಚ್ಚಿದವು.

ಜಲಾಶಯದ ಸಾಮರ್ಥ್ಯವೂ ಮೊದಲಿನಷ್ಟಿಲ್ಲ. ಮೊದಲು ಸುಮಾರು ೧೩೩ ಟಿ.ಎಂ.ಸಿ. ಇದ್ದುದು ಹೂಳು ತುಂಬಿ ಸುಮಾರು ೧೦೫ ಟಿ.ಎಂ.ಸಿ.ಗೆ ಇಳಿದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಬಾಗಿಲು ಕೊಚ್ಚಿಹೋಗಿ ನೀರು ಹೊಳೆಗೆ ಹರಿದಾಗ, ಕಾಲುವೆಯ ನೀರೆಂಬುದು ಶಾಶ್ವತವಾದ ಆಸ್ತಿಯಲ್ಲವೆಂಬುದು ಎಲ್ಲರಿಗೂ ಮನದಟ್ಟಾಯಿತು.

“ನೀರು ಬಂದಾಗಲೇ ಕಟ್ಟಿಕೊಳ್ಳಬೇಕು, ನಾಳೆ ಬರುವುದೋ ಇಲ್ಲವೋ” ಎಂದು ಒಕ್ಕಲಿಗನು ಹೇಳುವ ಮಾತಿನಲ್ಲಿ ನ್ಯಾಯವಿದೆ. ಗದ್ದೆಯನ್ನು ಆರಲು ಬಿಟ್ಟವನಿಗೆ ಬೇಕಾದ ದಿನ ನೀರು ಸಿಗದೆ ಹೋದರೆ ಅವನು ಬೆಳೆಯನ್ನೇ ಕಳೆದುಕೊಳ್ಳುವನು. ಆದ್ದರಿಂದ ಒಬ್ಬಂಟಿಯಾಗಿ ಈ ಪ್ರಯೋಗ ಮಾಡೆಂದು ಯಾರಿಗೂ ಹೇಳಲಾಗದು. ಒಂದು ತೂಬಿನ ಕೆಳಗಿನವರೆಲ್ಲರೂ ಸೇರಿ ಮೊದಲು ಸರದಿಯನ್ನು ನಿಶ್ಚಯಿಸಬೇಕು. ಇಂಥ ವಾರ ಇಂಥ ಹೊಲಗಾಲುವೆಗೆ ನೀರೆಂದು ಗೊತ್ತಾದ ಮೇಲೆ ಗದ್ದೆಯನ್ನು ಆರಗೊಡುವ ಧೈರ್ಯವು ತಾನಾಗಿಯೇ ಬರುವುದು. ನೀರು ಬಳಕೆದಾರರ ಸಹಕಾರ ಸಂಘಗಳೂ ಮುನಿರಾಬಾದಿನಲ್ಲಿರುವ ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರವೂ ಇರುವುದು ಇಂಥ ಕೆಲಸಕ್ಕಾಗಿಯೇ.

ಲೆಕ್ಕವು ಸರಳವಾಗಿದೆ. ಮೇಲ್ಭಾಗದ ಐದು ಎಕರೆಯವನು ನೀರಿನಲ್ಲಿ ಐದನೆಯ ಒಂದು ಪಾಲು ಉಳಿಸಿದರೆ, ಕೆಳಭಾಗದಲ್ಲಿ ಇನ್ನೊಂದು ಎಕರೆಗೆ ನೀರಾಯಿತು. ಕೆಳಗಿನವನ ಗದ್ದೆ ನೆನೆದರೆ ರಾತ್ರಿ ತೂಬು ಒಡೆಯುವುದೂ, ಬೆಳಿಗ್ಗೆ ಪೊಲೀಸ್ ಠಾಣೆಗೆ ಅಲೆಯುವುದೂ ತಪ್ಪುವುದು.

ನೇರ ಬಿತ್ತನೆ

ಕೆಸರು ಮಾಡಿ ನಾಟಿ ಹಾಕುವುದಕ್ಕೆ ಬದಲಾಗಿ, ಒಣನೆಲದಲ್ಲಿ ಕೂರಿಗೆಯಿಂದ ಭತ್ತವನ್ನು ಬಿತ್ತುವ ಪದ್ಧತಿಯು ಈ ಅಚ್ಚುಕಟ್ಟಿನಲ್ಲಿ ಹಲವರಿಗೆ ಪರಿಚಿತವಾಗಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರೂ ಇದನ್ನು ಪ್ರಚಾರಮಾಡಿದ್ದಾರೆ. ಕಾಲುವೆಗೆ ನೀರು ತಡವಾಗಿ ಬಿಡುವ ವರ್ಷಗಳಲ್ಲಿ ಮಳೆಯ ಹದಕ್ಕೇ ಬಿತ್ತಬಹುದು. ಸಸಿಮಡಿಯ ಖರ್ಚೂ ಕೆಸರು ತುಳಿಸುವ ನೀರೂ ನಾಟಿಯ ಕೂಲಿಯೂ ಉಳಿಯುತ್ತವೆ. ನೆಲದಲ್ಲಿ ಗಾಳಿಯಾಡುವುದರಿಂದ ಮೀಥೇನೂ ಕಡಿಮೆ. ಆದರೆ ಇದರಲ್ಲಿ ಕಳೆಯ ಕಾಟವು ಹೆಚ್ಚು. ಬಿತ್ತಿದ ಮೊದಲ ಒಂದು ತಿಂಗಳು ಕಳೆಯನ್ನು ಗೆಲ್ಲಲಾರದವನು ಈ ಪದ್ಧತಿಗೆ ಕೈಹಾಕಬಾರದು. ಕೆಲವು ನೆಲಗಳಲ್ಲಿ ಕಬ್ಬಿಣ, ಸತು ಇವುಗಳ ಕೊರತೆಯಿಂದ ಎಲೆ ಬಿಳಿಚಿಕೊಳ್ಳುವುದೂ ಉಂಟು. ಮೊದಲ ವರ್ಷ ಒಂದೆರಡು ಎಕರೆಯಲ್ಲಿ ನೋಡಿ, ಆಮೇಲೆ ವಿಸ್ತರಿಸುವುದು ಬುದ್ಧಿವಂತಿಕೆ.

ಹುಲ್ಲಿಗೆ ಬೆಂಕಿ ಹಚ್ಚುವುದು

ಕುಡುಗೋಲಿನಿಂದ ಕೊಯ್ದು ಕಣದಲ್ಲಿ ಬಡಿಯುತ್ತಿದ್ದ ಕಾಲದಲ್ಲಿ ಹುಲ್ಲು ಬಣವೆಗೆ ಹೋಗುತ್ತಿತ್ತು. ಕೊಯ್ಲುಯಂತ್ರವು ಬಂದ ಮೇಲೆ ಕೂಳೆಯು ಉದ್ದವಾಗಿ ನಿಲ್ಲುತ್ತದೆ, ಹುಲ್ಲು ಗದ್ದೆಯಲ್ಲೇ ಚೆಲ್ಲುತ್ತದೆ. ಎರಡನೆಯ ಬೆಳೆಯ ಅವಸರವಿರುವುದರಿಂದ ಬೆಂಕಿಯೇ ಸುಲಭದ ಉಪಾಯವಾಗಿ ಕಾಣುತ್ತದೆ. ಪಂಜಾಬ್ ಹರಿಯಾಣಗಳಲ್ಲಿ ಇದೇ ಅಭ್ಯಾಸವು ಬೆಳೆದು ಚಳಿಗಾಲದ ಆರಂಭದಲ್ಲಿ ದೆಹಲಿಯವರೆಗೆ ಹೊಗೆ ಕವಿಯುವುದನ್ನು ಎಲ್ಲರೂ ಬಲ್ಲರು.

ಬೆಂಕಿಯಿಂದ ಆಗುವ ನಷ್ಟವನ್ನು ಲೆಕ್ಕಹಾಕಿ ನೋಡುವುದು ಒಳ್ಳೆಯದು. ಎಕರೆಗೆ ೨೫ ಕ್ವಿಂಟಾಲ್ ಭತ್ತ ಬಂದರೆ ಹುಲ್ಲೂ ಹೆಚ್ಚುಕಡಿಮೆ ಅಷ್ಟೇ ತೂಕವಿರುತ್ತದೆ. ಒಂದು ಟನ್ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕವಿದ್ದು, ಸುಟ್ಟಾಗ ಅದು ಬಹುತೇಕ ಪೂರ್ತಿಯಾಗಿ ಗಾಳಿಗೆ ಹೋಗುತ್ತದೆ. ಎಕರೆಯ ಲೆಕ್ಕದಲ್ಲಿ ಇದು ಸುಮಾರು ೩೦ ಕಿಲೋ ಯೂರಿಯಾಕ್ಕೆ, ಎಂದರೆ ಚೀಲದ ಮೂರರಲ್ಲಿ ಎರಡು ಪಾಲಿಗೆ ಸಮ. ಯೂರಿಯಾಕ್ಕಾಗಿ ಅಂಗಡಿಯ ಮುಂದೆ ಸಾಲು ನಿಲ್ಲುವವನೇ ಅದನ್ನು ಗದ್ದೆಯಲ್ಲಿ ಸುಡುವುದು ಯುಕ್ತವಲ್ಲ. ಮೇಲ್ಮಣ್ಣಿನ ಸೂಕ್ಷ್ಮಜೀವಿಗಳೂ ಬೆಂದುಹೋಗುತ್ತವೆ. ಹೊಗೆಯೊಳಗಿನ ಸಣ್ಣ ಮಸಿಯು ಶ್ವಾಸಕೋಶದ ಆಳಕ್ಕೆ ಇಳಿದು ಕೂಸುಗಳಿಗೂ ವೃದ್ಧರಿಗೂ ದಮ್ಮಿನವರಿಗೂ ಬಾಧೆ ಕೊಡುತ್ತದೆ.

ಇದಕ್ಕೆ ಪ್ರತಿಯಾಗಿ ಎರಡು ಮಾರ್ಗಗಳಿವೆ. ಮೊದಲನೆಯದು, ಹುಲ್ಲನ್ನು ಮಣ್ಣಿಗೆ ಸೇರಿಸುವುದು. ಆದರೆ ಇಲ್ಲಿ ಕಾಲದ ಅಂಶವು ಮುಖ್ಯ. ನಾಟಿಗೆ ಸ್ವಲ್ಪ ಮುಂಚೆ ಹಸಿಹುಲ್ಲನ್ನು ಕೆಸರಿಗೆ ತುಳಿಸಿದರೆ ಮೀಥೇನ್ ಬಹಳವಾಗಿ ಹೆಚ್ಚುವುದು, ಸಸಿಯೂ ಹಳದಿಯಾಗುವುದು. ಒಂದು ತಿಂಗಳಿಗಿಂತ ಹೆಚ್ಚು ಮುಂಚಿತವಾಗಿ, ನೆಲ ಇನ್ನೂ ಒಣಗಿರುವಾಗಲೇ ಉತ್ತು ಸೇರಿಸಿದರೆ ಹುಲ್ಲಿನಿಂದುಂಟಾಗುವ ಆ ಹೆಚ್ಚಳವು ಸುಮಾರು ಐದನೆಯ ಒಂದು ಪಾಲಿಗೆ ಇಳಿಯುವುದು. ಚೆನ್ನಾಗಿ ಕಳಿತ ಗೊಬ್ಬರದ ಗುಣವೂ ಹೀಗೆಯೇ. ಇಂದೂರಿನಲ್ಲಿ ಆಲ್ಬರ್ಟ್ ಹೊವರ್ಡರು ರೂಪಿಸಿದ, ಆಗಾಗ್ಗೆ ತಿರುವಿ ಗಾಳಿಯಾಡಿಸುವ ಗೊಬ್ಬರದ ಕ್ರಮವನ್ನು ಹಳೆಯ ಒಕ್ಕಲಿಗರು ಕೇಳಿಯೇ ಇರುವರು. ಗಾಳಿಯಾಡಿಸಿ ಕೊಳೆಯಿಸಿದ್ದರಲ್ಲಿ ಮೀಥೇನ್ ಹುಟ್ಟುವುದು ಕಡಿಮೆ.

ಎರಡನೆಯ ಮಾರ್ಗವು ಹುಲ್ಲನ್ನು ಕಟ್ಟಿ ಮೇವಿಗೆ ಸಾಗಿಸುವುದು. ಹುಲ್ಲನ್ನು ಸುತ್ತಿ ಕಟ್ಟುವ ಯಂತ್ರಗಳು ಈಗ ದೊರೆಯುತ್ತವೆ. ಎಕರೆಯ ಹುಲ್ಲಿನಲ್ಲಿ ಅರ್ಧವೇ ಕೈಗೆ ಬಂದರೂ, ದಿನಕ್ಕೆ ಐದು ಕಿಲೋದಂತೆ ಒಂದು ರಾಸಿಗೆ ಎಂಟು ತಿಂಗಳ ಮೇವಾಗುವುದು. ೨೦೨೩ರ ಬರದಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷಗಳಲ್ಲಿ ಕುಷ್ಟಗಿ ಯಲಬುರ್ಗಾಗಳ ಒಕ್ಕಲಿಗನು ಎತ್ತನ್ನು ಮಾರುವುದು ಮೇವಿಲ್ಲದ್ದಕ್ಕಾಗಿಯೇ. ಮರುವರ್ಷ ಮಳೆ ಬಂದಾಗ ಅವನಿಗೆ ಎತ್ತೂ ಇಲ್ಲ, ಕೊಳ್ಳಲು ಹಣವೂ ಇಲ್ಲ. ಒಂದೇ ಜಿಲ್ಲೆಯಲ್ಲಿ ಒಂದು ಮೂಲೆಯ ಹುಲ್ಲು ಬೂದಿಯಾಗಿ ಇನ್ನೊಂದು ಮೂಲೆಯ ಎತ್ತು ಕಸಾಯಿಖಾನೆ ಸೇರುವುದು ಜಿಲ್ಲೆಗೆ ಶೋಭೆಯಲ್ಲ. ಭತ್ತದ ಊರಿನವರೂ ಒಣಬೇಸಾಯದ ಊರಿನವರೂ ಕೊಯ್ಲಿಗೆ ಮುಂಚೆಯೇ ಮಾತಾಡಿಕೊಂಡು, ಯಂತ್ರದ ಬಾಡಿಗೆಯನ್ನೂ ಸಾಗಣೆಯ ಖರ್ಚನ್ನೂ ಗೊತ್ತುಮಾಡಿಕೊಳ್ಳಬೇಕು.

ಭತ್ತದ ಹುಲ್ಲು ಸಾರವಿಲ್ಲದ ಮೇವೆಂಬ ಆಕ್ಷೇಪಣೆಯು ನಿಜ. ಅದನ್ನು ಹದಮಾಡುವ ಉಪಾಯವುಂಟು. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ಸುಮಾರು ೫೦ ಲೀಟರ್ ನೀರಿನಲ್ಲಿ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ತಾಡಪತ್ರಿಯಿಂದ ಮುಚ್ಚಿ ಮೂರು ವಾರ ಬಿಡತಕ್ಕದ್ದು. ತೆಗೆದು ಸ್ವಲ್ಪ ಹೊತ್ತು ಗಾಳಿಗೆ ಹರವಿ ಘಾಟು ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಹಾಕಕೂಡದು. ಯೂರಿಯಾ ಕಲಸಿದ ನೀರನ್ನು ದನಗಳು ಕುಡಿಯದಂತೆ ಎಚ್ಚರವಹಿಸಬೇಕು, ಅದು ಪ್ರಾಣಾಪಾಯಕರ.

ಒಣಬೇಸಾಯದ ಊರುಗಳು

ಕುಷ್ಟಗಿ ಯಲಬುರ್ಗಾಗಳಲ್ಲಿ ಕೆಸರುಗದ್ದೆಯಿಲ್ಲದಿರುವುದರಿಂದ ಈ ಪಾಠವು ತಮಗಲ್ಲವೆಂದು ಆ ಕಡೆಯವರು ಭಾವಿಸಬಾರದು. ದನ, ಎಮ್ಮೆ, ಕುರಿ, ಆಡುಗಳು ಮೆಲುಕು ಹಾಕುವಾಗ ಅವುಗಳ ಹೊಟ್ಟೆಯಲ್ಲಿ ಮೀಥೇನ್ ಹುಟ್ಟಿ ತೇಗಿನೊಡನೆ ಹೊರಬರುತ್ತದೆ. ನಮ್ಮ ದೇಶದ ಬೇಸಾಯದಿಂದೇಳುವ ಮೀಥೇನಿನಲ್ಲಿ ಹೆಚ್ಚು ಪಾಲು ಇದೇ. ರಾಸುಗಳನ್ನು ಬಿಟ್ಟುಬಿಡಿರೆಂದು ಯಾರೂ ಹೇಳುವುದಿಲ್ಲ. ಒಣಹುಲ್ಲಿನೊಂದಿಗೆ ಹಸಿಮೇವನ್ನೂ ಹುರುಳಿ ಹೆಸರುಗಳ ಹೊಟ್ಟನ್ನೂ ಸ್ವಲ್ಪ ಹಿಂಡಿಯನ್ನೂ ಸೇರಿಸಿ ಹಾಕಿದರೆ ಹಾಲು ಹೆಚ್ಚುವುದು. ಸೇರು ಹಾಲಿನ ಲೆಕ್ಕಕ್ಕೆ ಅನಿಲವು ತಗ್ಗುವುದು. ಬದುವಿನ ಮೇಲೆ ಅಗಸೆ, ಗ್ಲಿರಿಸಿಡಿಯ ಮೊದಲಾದ ಗಿಡಗಳನ್ನು ಬೆಳೆಸಿದರೆ ಹಸಿಸೊಪ್ಪಿನ ಅನುಕೂಲವಾಗುವುದು.

ಸಗಣಿಯನ್ನು ಕುಳ್ಳುತಟ್ಟಿ ಸುಡುವುದರಿಂದ ಗೊಬ್ಬರವೂ ಹೋಗಿ ಹೊಗೆಯೂ ಉಳಿಯುತ್ತದೆ. ಆ ಹೊಗೆಯನ್ನು ಹೆಚ್ಚಾಗಿ ಉಣ್ಣುವವರು ಒಲೆಯ ಮುಂದೆ ಕೂರುವ ಹೆಂಗಸರೂ ಅವರ ಮಡಿಲ ಕೂಸುಗಳೂ. ನಾಲ್ಕೈದು ದೊಡ್ಡ ರಾಸುಗಳುಳ್ಳ ಮನೆಯವರು ದಿನಕ್ಕೆ ೫೦ ಕಿಲೋ ಸಗಣಿಯಿಂದ ಎರಡು ಘನಮೀಟರಿನ ಗೋಬರ್ ಗ್ಯಾಸ್ ತೊಟ್ಟಿಯನ್ನು ನಡೆಸಬಹುದು. ಐದಾರು ಜನರ ಸಂಸಾರದ ಅಡಿಗೆಗೆ ಅದು ಸಾಕಾಗುವುದು. ಆ ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ಭಾಗವು ಇದೇ ಮೀಥೇನ್. ತಿಪ್ಪೆಯಿಂದ ಗಾಳಿಗೆ ಹೋಗಿ ಕೇಡು ಮಾಡತಕ್ಕದ್ದು ತೊಟ್ಟಿಯಲ್ಲಿ ಸೆರೆಸಿಕ್ಕಿ ಅನ್ನ ಬೇಯಿಸುತ್ತದೆ. ಉಳಿದ ಬಗ್ಗಡವು ಒಳ್ಳೆಯ ಗೊಬ್ಬರ. ಆದರೆ ಸಗಣಿಯಷ್ಟೇ ನೀರೂ ಬೇಕಾಗುವುದರಿಂದ, ಬೇಸಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಊರುಗಳಲ್ಲಿ ಇದು ನಡೆಯದು. ಸೋರುವ ತೊಟ್ಟಿಯು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಬಿರುಕನ್ನು ಕೂಡಲೇ ಮುಚ್ಚಿಸಬೇಕು.

ಗ್ರಾಮವೇ ಒಂದಾಗಿ ಈ ಕೆಲಸ ನಡೆಸಿದ ದೃಷ್ಟಾಂತವು ನಮ್ಮ ನಾಡಿನಲ್ಲಿಯೇ ಇದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರ ಸಹಾಯದಿಂದ ಊರಿನ ಸಗಣಿಯನ್ನೆಲ್ಲ ಒಂದು ಕಡೆ ಸೇರಿಸಿ ಗ್ಯಾಸ್ ಮಾಡಿದರು. ಎಲ್ಲರ ಅಡಿಗೆಗೂ ಗ್ಯಾಸು ಸಾಲದೆಂದು ಕಂಡಾಗ ಅದನ್ನು ಕೈಬಿಡದೆ, ೧೯೮೭ರಿಂದ ಅದರಿಂದಲೇ ವಿದ್ಯುತ್ತನ್ನು ಹುಟ್ಟಿಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಸಗಣಿ ತಂದವರಿಗೆ ಬಗ್ಗಡವು ಹಿಂದಕ್ಕೆ ಸಿಕ್ಕುತ್ತಿತ್ತು. ಯಂತ್ರಕ್ಕಿಂತಲೂ ಊರಿನ ಒಪ್ಪಂದವು ದೊಡ್ಡದೆಂಬುದೇ ಆ ಹಳ್ಳಿಯಿಂದ ಕಲಿಯತಕ್ಕ ಪಾಠ. ತೊಟ್ಟಿ ಕಟ್ಟಲಾರದವರು ಅದೇ ವಿಭಾಗದವರು ರೂಪಿಸಿದ ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನೋ ಸಿಲಿಂಡರನ್ನೋ ಉಪಯೋಗಿಸಿದರೂ ಮನೆಯ ಗಾಳಿ ತಿಳಿಯಾಗುವುದು. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಮೆಕ್ಕೆಜೋಳದ ದಂಟುಗಳನ್ನು ಹೊಲದಲ್ಲಿ ಸುಡದೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕುವುದು ಒಳ್ಳೆಯದು.

ಒಂದು ಸಂದೇಹ

ದೊಡ್ಡ ದೇಶಗಳ ಕಾರ್ಖಾನೆಗಳೂ ಎಣ್ಣೆಬಾವಿಗಳೂ ಹೊರಗೆಡಹುವುದನ್ನು ಬಿಟ್ಟು ಬಡ ಒಕ್ಕಲಿಗನ ಗದ್ದೆಯನ್ನು ದೂರುವುದೇಕೆಂದು ಕೇಳುವವ ನ್ಯಾಯವಾಗಿಯೇ ಕೇಳುತ್ತಾನೆ. ಹಿಂದೆ ಹೊರದೇಶದವರು ಭಾರತದ ಗದ್ದೆಗಳ ಮೇಲೆ ವರ್ಷಕ್ಕೆ ಸುಮಾರು ೩೮ ದಶಲಕ್ಷ ಟನ್ ಮೀಥೇನಿನ ಭಾರವನ್ನು ಹೊರಿಸಿದ್ದರು. ೧೯೯೧ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡಾಕ್ಟರ್ ಎ. ಪಿ. ಮಿತ್ರರ ನೇತೃತ್ವದಲ್ಲಿ ಗದ್ದೆಗಳಲ್ಲಿಯೇ ಅಳೆದು ನೋಡಿದಾಗ ಅದು ಸುಮಾರು ನಾಲ್ಕು ದಶಲಕ್ಷ ಟನ್ ಮಾತ್ರವೆಂದು ತಿಳಿಯಿತು. ೨೦೨೧ರಲ್ಲಿ ಗ್ಲಾಸ್ಗೋ ನಗರದಲ್ಲಿ ಹಲವು ದೇಶಗಳು ಮೀಥೇನ್ ಇಳಿಸುವ ಪ್ರತಿಜ್ಞೆ ಮಾಡಿದಾಗ ಭಾರತವು ಅದಕ್ಕೆ ಸೇರಲಿಲ್ಲ. ಆದಕಾರಣ ಈ ಕೆಲಸಗಳನ್ನು ಮಾಡೆಂದು ಒಕ್ಕಲಿಗನನ್ನು ಬಲಾತ್ಕರಿಸುವವರು ಯಾರೂ ಇಲ್ಲ. ನೀರು ಉಳಿಯುವುದು ಅವನ ಕಾಲುವೆಯಲ್ಲಿ, ಸಾರವು ಉಳಿಯುವುದು ಅವನ ಮಣ್ಣಿನಲ್ಲಿ, ಹೊಗೆ ತಪ್ಪುವುದು ಅವನ ಮಕ್ಕಳಿಗೆ. ಪರರ ಪಾಲಿನ ತಪ್ಪನ್ನು ಎಣಿಸುತ್ತ ತನ್ನ ಲಾಭವನ್ನು ಬಿಡುವುದು ವಿವೇಕವಲ್ಲ.

ಗ್ರಾಮಮುಖ್ಯಸ್ಥರು ಮಾಡತಕ್ಕದ್ದು

(೧) ನಾಟಿಗೆ ಮುಂಚೆ ತೂಬಿನ ಕೆಳಗಿನವರನ್ನು ಸೇರಿಸಿ ನೀರಿನ ಸರದಿಯನ್ನು ಬರೆದು ಚಾವಡಿಯಲ್ಲಿ ಅಂಟಿಸುವುದು. ಮೊದಲ ನೀರು ಕೊನೆಯ ಗದ್ದೆಗೆ ಎಂಬ ಕಟ್ಟಳೆಯನ್ನು ಮುಖ್ಯಸ್ಥರೇ ತಮ್ಮ ಗದ್ದೆಯಿಂದ ಆರಂಭಿಸಿದರೆ ಇತರರು ಒಪ್ಪುವರು.

(೨) ಊರಿಗೆ ನಾಲ್ಕೈದು ಗದ್ದೆಗಳಲ್ಲಿ ಕೊಳವೆಯನ್ನು ಊರಿಸಿ, ಪಕ್ಕದಲ್ಲಿ ಹಳೆಯ ಕ್ರಮದ ಗದ್ದೆಯನ್ನೂ ಇರಿಸಿ, ಎರಡರ ಇಳುವರಿಯನ್ನೂ ಎಲ್ಲರೆದುರಿಗೆ ತೂಗಿ ತೋರಿಸುವುದು.

(೩) ಸವುಳು ಗದ್ದೆಗಳನ್ನು ಗುರುತಿಸಿ, ಮಣ್ಣು ಪರೀಕ್ಷೆ ಮಾಡಿಸಿ, ಬಸಿಗಾಲುವೆಗಳ ಹೂಳನ್ನು ತೆಗೆಸುವುದು.

(೪) ಕೊಯ್ಲಿಗೆ ಒಂದು ತಿಂಗಳು ಮುಂಚೆ ಹುಲ್ಲು ಕಟ್ಟುವ ಯಂತ್ರವನ್ನೂ ಕೊಳ್ಳುವ ಊರನ್ನೂ ನಿಶ್ಚಯಿಸಿ, ಬೆಂಕಿ ಹಾಕದಂತೆ ಪಂಚಾಯಿತಿಯಲ್ಲಿ ಒಪ್ಪಂದ ಮಾಡುವುದು.

(೫) ಕೃಷಿಕೂಲಿಯವರಿಗೂ ಗೇಣಿಯವರಿಗೂ ಇದರ ವಿವರವನ್ನು ತಿಳಿಸುವುದು. ತೂಬಿನ ಬಳಿ ಸನಿಕೆ ಹಿಡಿದು ನಿಲ್ಲುವವನು ಅವನೇ. ಅವನಿಗೆ ತಿಳಿಯದಿದ್ದರೆ ಯಜಮಾನನ ತಿಳುವಳಿಕೆಯಿಂದ ಫಲವಿಲ್ಲ.

ಆನೆಗೊಂದಿಯ ಸುತ್ತಿನಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಅವು ಇಷ್ಟು ಕಾಲ ಬಾಳಿದ್ದು ಕಲ್ಲಿನ ಬಲದಿಂದ ಮಾತ್ರವಲ್ಲ, ವರ್ಷವರ್ಷವೂ ಹೂಳು ತೆಗೆದು ಸರದಿಯನ್ನು ಕಾಯ್ದ ಜನರಿಂದ. ನೀರನ್ನು ಕಾಯ್ದ ಆ ಕಟ್ಟಳೆಯೇ ಗಾಳಿಯನ್ನೂ ಕಾಯಬಲ್ಲದು. ಬರುವ ಹಂಗಾಮಿನಲ್ಲಿ ಪ್ರತಿಯೊಂದು ಗ್ರಾಮದಲ್ಲಿಯೂ ಒಂದು ತೂಬಿನ ಒಕ್ಕಲಿಗರಾದರೂ ಒಮ್ಮತದಿಂದ ಈ ಕ್ರಮವನ್ನು ಪರೀಕ್ಷಿಸಿ ನೋಡುವುದು ಉಚಿತ. ಕೊಳವೆಗಳ ಅಳತೆ, ಮಣ್ಣಿನ ಪರೀಕ್ಷೆ, ಬೀಜದ ಆಯ್ಕೆ ಇವುಗಳ ವಿಷಯದಲ್ಲಿ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿಯೂ ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿಯೂ ವಿಚಾರಿಸಿ ತಿಳಿದುಕೊಳ್ಳಬಹುದು.